ಅಳಿಯದ ಕೀರ್ತಿ, ಅಲ್ಪಾಯುಷ್ಯ

ಟ್ರಾಯ್ ನಗರದ ಹೊರಗೆ, ಸಮುದ್ರದ ದಡದಲ್ಲಿ ಗ್ರೀಕರ ಪಾಳೆಯ. ಯುದ್ಧಕ್ಕೆ ಒಂಬತ್ತು ವರ್ಷಗಳು ತುಂಬಿ ಹತ್ತನೆಯದು ನಡೆಯುತ್ತಿದೆ. ರಾತ್ರಿಯ ಹೊತ್ತು. ದೊರೆ ಆಗಮೆಮ್ನನ್ ಕಳುಹಿದ ಮೂವರು ಪ್ರಮುಖರು ಅಕಿಲೀಸನ ಬಿಡಾರಕ್ಕೆ ಸಂಧಾನಕ್ಕೆಂದು ಬರುತ್ತಾರೆ. ಮುನಿದು ಕುಳಿತ ಅವನನ್ನು ಒಲಿಸದೆ ಹೋದರೆ ಶತ್ರುಗಳು ತಮ್ಮ ಹಡಗುಗಳಿಗೇ ಬೆಂಕಿಯಿಡುವರೆಂಬ ಭಯ ಅವರದು. ಒಳಗೆ ಕಾಲಿಟ್ಟವರಿಗೆ ಕಂಡ ನೋಟ ಬೇರೆಯಾಗಿದೆ. ಗ್ರೀಕರ ಮಹಾಶೂರನು ಕತ್ತಿ ಮಸೆಯುತ್ತಿಲ್ಲ. ತಂತಿವಾದ್ಯವೊಂದನ್ನು ಮೀಟುತ್ತ ಹಾಡುತ್ತಿದ್ದಾನೆ. ಗೆಳೆಯ ಪೆಟ್ರೋಕ್ಲಸ್ ಎದುರಿಗೆ ಕುಳಿತು, ಹಾಡು ಮುಗಿಯುವುದನ್ನು ಮೌನವಾಗಿ ಕಾಯುತ್ತಿದ್ದಾನೆ. ಆ ವಾದ್ಯವೂ ಯುದ್ಧದ ಕೊಳ್ಳೆಯೇ. ಒಂದು ಊರನ್ನು ಸುಟ್ಟು, ಅಲ್ಲಿಯ ಅರಸನನ್ನು ಕೊಂದು ತಂದದ್ದು.

ಅವನು ಹಾಡುತ್ತಿದ್ದುದೇನು? ಹೋಮರನು ಎರಡೇ ಪದಗಳಲ್ಲಿ ಹೇಳಿ ಮುಂದೆ ಹೋಗುತ್ತಾನೆ: 'ಕ್ಲೆಯ ಆಂದ್ರೋನ್'. ಪುರುಷರ ಕೀರ್ತಿಗಳು ಎಂದು ಅರ್ಥ. ಎರಡನೆಯ ಪದ ನಮಗೆ ದೂರದ್ದಲ್ಲ. ಅದರ ಮೂಲರೂಪವಾದ 'ಅನೇರ್' ಎಂಬುದು ಸಂಸ್ಕೃತದ 'ನರ' ಶಬ್ದದ ದಾಯಾದಿ. ಮೊದಲನೆಯದರ ಏಕವಚನ 'ಕ್ಲೆಯೊಸ್'. ಇಲಿಯಡ್ ಮಹಾಕಾವ್ಯದ ವೀರರು ಯಾವುದಕ್ಕಾಗಿ ಬಾಳಿ ಯಾವುದಕ್ಕಾಗಿ ಸತ್ತರು ಎಂದು ಕೇಳಿದರೆ, ಈ ಒಂದು ಮಾತನ್ನು ಬಿಡಿಸಿ ನೋಡುವುದಕ್ಕಿಂತ ಹತ್ತಿರದ ದಾರಿ ನನಗೆ ಕಂಡಿಲ್ಲ.

'ಕ್ಲೆಯೊಸ್' ಪದಕ್ಕೆ ಕೀರ್ತಿಯೆಂಬ ಅರ್ಥದ ಜೊತೆಗೆ ಸುದ್ದಿ, ವದಂತಿ ಎಂಬ ಅರ್ಥಗಳೂ ಇವೆ. ಇವು ಒಂದೇ ಪದದಲ್ಲಿ ಹೇಗೆ ಕೂಡಿದುವೆಂಬುದಕ್ಕೆ ಧಾತುವೇ ಉತ್ತರ ಹೇಳುತ್ತದೆ. ಅದು 'ಕೇಳು' ಎಂಬ ಅರ್ಥದ ಧಾತು, ಸಂಸ್ಕೃತದಲ್ಲಿ 'ಶ್ರು'. ಶ್ರವಣ, ಶ್ರುತಿ, ವಿಶ್ರುತ ಎಂದು ನಾವು ನಿತ್ಯ ಬಳಸುವ ಮಾತುಗಳೆಲ್ಲ ಅದರ ಸಂತಾನ. ಗ್ರೀಕಿನ 'ಕ್ಲೆಯೊಸ್' ಮತ್ತು ವೇದದ 'ಶ್ರವಸ್' ಒಂದೇ ಮೂಲದಿಂದ ಹುಟ್ಟಿದ ಒಡಹುಟ್ಟುಗಳು. ಎಂದರೆ ಕ್ಲೆಯೊಸ್ ಎಂಬುದು ಕಿವಿಗೆ ಬಿದ್ದದ್ದು. ಕೇಳಿದ್ದು ಸುದ್ದಿಯೂ ಆಗಬಹುದು, ಕೀರ್ತಿಯೂ ಆಗಬಹುದು. ನಮ್ಮ 'ಕೀರ್ತಿ' ಶಬ್ದವು 'ಕೀರ್ತನೆ'ಯ ಮನೆಯಿಂದ ಬಂದದ್ದು. ಹೇಳುವ ಬಾಯಿಯ ಕಡೆಗೆ ಅದರ ಒಲವು. ಗ್ರೀಕ್ ಮಾತಿನ ಒಲವು ಕೇಳುವ ಕಿವಿಯ ಕಡೆಗೆ. ಭಾಷಾಂತರ ಮಾಡುವವನು 'ಕೀರ್ತಿ' ಎಂದು ಬರೆದು ಮುಂದೆ ಸಾಗಬೇಕಾಗುತ್ತದೆ, ನಿಜ. ಆದರೆ ಕಿವಿ ಮಾತ್ರ ಹಿಂದೆ ಉಳಿದುಹೋಗುತ್ತದೆ.

ಹೋಮರನಿಗೆ ಈ ಎರಡರ್ಥದ ಅರಿವು ಚೆನ್ನಾಗಿ ಇತ್ತು. ಇಲಿಯಡ್‌ನ ಎರಡನೆಯ ಪರ್ವದಲ್ಲಿ ಹಡಗುಗಳ ಪಟ್ಟಿಯನ್ನು ಹೇಳಲು ತೊಡಗುವ ಮುನ್ನ ಅವನು ಕಾವ್ಯದೇವತೆಯರನ್ನು ಪ್ರಾರ್ಥಿಸುತ್ತಾನೆ. ನೀವು ಎಲ್ಲವನ್ನೂ ಇದ್ದು ಕಂಡವರು; ನಮಗಾದರೋ ಕ್ಲೆಯೊಸ್ ಮಾತ್ರ ಕೇಳಿಸುತ್ತದೆ, ತಿಳಿದದ್ದು ಏನೂ ಇಲ್ಲ ಎಂಬುದು ಅಲ್ಲಿಯ ಭಾವ. ವೀರನು ಪ್ರಾಣ ತೆತ್ತು ಕೊಳ್ಳುವ ವಸ್ತು ಕವಿಯ ಬಾಯಲ್ಲಿ ಬರಿಯ ಕೇಳಿಕೆಯ ಮಾತು! ಈ ಧೈರ್ಯ ಎಲ್ಲ ಕವಿಗಳಿಗೂ ಬರುವುದಿಲ್ಲ.

ಕಿವಿಯ ಮಾತು ಬಂದದ್ದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಕ್ರಿಸ್ತಪೂರ್ವ 8ನೆಯ ಶತಮಾನದ ಸುಮಾರಿನವೆಂದು ಬಹುಮಂದಿ ಪಂಡಿತರು ಎಣಿಸುವ ಈ ಕಾವ್ಯಗಳ ಹಿಂದೆ ಹಾಡುಗಾರರ ದೀರ್ಘ ಪರಂಪರೆಯಿದೆ. ಅಕಿಲೀಸನು ಕುಳಿತಿದ್ದರೂ 'ಶೀಘ್ರಪಾದ'ನೇ. ಇಂಥ ವಿಶೇಷಣಗಳು ಮತ್ತೆ ಮತ್ತೆ ಏಕೆ ಬರುತ್ತವೆಂಬುದನ್ನು ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1928ರಲ್ಲಿ ಪ್ಯಾರಿಸಿನಲ್ಲಿ ಮಂಡಿಸಿದ ಪ್ರಬಂಧಗಳಲ್ಲಿ ಬಿಡಿಸಿ ತೋರಿಸಿದರು: ಪರಂಪರೆಯಿಂದ ಬಂದ ಈ ಸಿದ್ಧ ನುಡಿಗಟ್ಟುಗಳು ಛಂದಸ್ಸಿನ ಪಾದವನ್ನು ತುಂಬಲು ಹಾಡುಗಾರನಿಗೆ ಒದಗುತ್ತವೆ. ಮುಂದೆ 1933ರಿಂದ 1935ರವರೆಗೆ ಅವರು ಯುಗೋಸ್ಲಾವಿಯದ ಊರೂರು ತಿರುಗಿ ಅಲ್ಲಿಯ ವೀರಗೀತಗಾರರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಅವ್ದೊ ಮೆಜೆದೊವಿಚ್ ಎಂಬ ಓದುಬರಹ ಬಾರದ ಹಾಡುಗಾರ 12,000ಕ್ಕೂ ಹೆಚ್ಚು ಸಾಲುಗಳ ಕಥೆಯೊಂದನ್ನು ಹೇಳಿದನು. ಪ್ಯಾರಿ 1935ರಲ್ಲಿ ಅಕಾಲ ಮೃತ್ಯುವಿಗೆ ತುತ್ತಾದರು.

ಇದರ ಇನ್ನೊಂದು ನಿದರ್ಶನ ನಮ್ಮ ನೆಲದಲ್ಲಿಯೇ ಇದೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು ಹೇಳಿದ ತುಳು ಸಿರಿಕಾವ್ಯವನ್ನು 1990ರಲ್ಲಿ ಮುದ್ರಿಸಿಕೊಂಡು 1998ರಲ್ಲಿ ಪ್ರಕಟಿಸಿದರು. ಅದರ ಸಾಲುಗಳು 15,683. ಇಲಿಯಡ್‌ನದು 15,693. ಹತ್ತೇ ಸಾಲುಗಳ ಅಂತರ! ಇಷ್ಟು ದೊಡ್ಡ ಕಾವ್ಯವನ್ನು ಬರಹದ ನೆರವಿಲ್ಲದೆ ಕಟ್ಟುವುದು ಅಸಾಧ್ಯವೆಂದು ವಾದಿಸುತ್ತಿದ್ದವರಿಗೆ ದಕ್ಷಿಣ ಕನ್ನಡದ ಒಬ್ಬ ಬೇಸಾಯಗಾರರು ಕೊಟ್ಟ ಉತ್ತರವಿದು.

ಇರಲಿ, ಅಕಿಲೀಸನ ಬಿಡಾರಕ್ಕೆ ಮರಳೋಣ. ಅವನ ಮುನಿಸಿಗೆ ಕಾರಣ ಬ್ರಿಸೇಯಿಸ್ ಎಂಬ ಸೆರೆಯ ಹೆಣ್ಣು. ಒಬ್ಬ ಹೆಣ್ಣಿಗಾಗಿ ಇಷ್ಟು ರಂಪವೇ ಎಂದು ತರಗತಿಯಲ್ಲಿ ಹುಡುಗರು ನಗುವುದುಂಟು. ಆ ನಗೆ ಎರಡು ಗ್ರೀಕ್ ಪದಗಳ ಪರಿಚಯವಾದೊಡನೆ ಅಡಗುತ್ತದೆ. ಒಂದು 'ಗೆರಸ್', ಮತ್ತೊಂದು 'ತಿಮೇ'. ಕೊಳ್ಳೆಯನ್ನು ಹಂಚುವಾಗ ಸೈನ್ಯವೆಲ್ಲ ಸೇರಿ ಪ್ರಮುಖನೊಬ್ಬನಿಗೆಂದು ಎತ್ತಿಕೊಡುವ ಮರ್ಯಾದೆಯ ಪಾಲು ಗೆರಸ್. ಆ ಪಾಲಿನ ಮೂಲಕ ಕಣ್ಣಿಗೆ ಕಾಣುವ ಮಾನ ತಿಮೇ. ಬೆಲೆ ಎಂಬ ಅರ್ಥವೂ ಆ ಪದಕ್ಕಿದೆ. ಆಗಮೆಮ್ನನ್ ತನ್ನ ಪಾಲಿಗೆ ಬಂದಿದ್ದ ಪೂಜಾರಿಯ ಮಗಳನ್ನು ಹಿಂದಿರುಗಿಸಬೇಕಾಗಿ ಬಂದಾಗ ಅಕಿಲೀಸನ ಪಾಲನ್ನು ಕಿತ್ತುಕೊಂಡನು. ಊರ ಜಾತ್ರೆಯಲ್ಲಿ ಮೊದಲ ವೀಳ್ಯ ಪಡೆಯುವವನ ಕೈಯಿಂದ ಎಲ್ಲರೆದುರು ಆ ವೀಳ್ಯವನ್ನು ಕಸಿದರೆ ಏನಾಗುವುದೆಂದು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಆ ಹೆಣ್ಣಿನ ಮನಸ್ಸೇನು ಎಂಬ ಪ್ರಶ್ನೆ ಆ ಸಭೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಕವಿಗೆ ಹೊಳೆದಿತ್ತು, ಹತ್ತೊಂಬತ್ತನೆಯ ಪರ್ವದಲ್ಲಿ ಪೆಟ್ರೋಕ್ಲಸನ ಶವದ ಮೇಲೆ ಬಿದ್ದು ಅವಳು ಅಳುವಾಗ, ಗಂಡನನ್ನೂ ಒಡಹುಟ್ಟಿದ ಮೂವರನ್ನೂ ಇದೇ ಯುದ್ಧ ನುಂಗಿತೆಂಬುದನ್ನು ಅವಳ ಬಾಯಿಂದಲೇ ಹೇಳಿಸುತ್ತಾನೆ.

ಅಕಿಲೀಸನ ಕೋಪಕ್ಕೆ ಹೋಮರನು ಆರಿಸಿದ ಪದ 'ಮೇನಿಸ್'. ಗ್ರೀಕಿನಲ್ಲಿ ಸಿಟ್ಟಿಗೆ ಬೇರೆ ಪದಗಳಿಗೆ ಬರವಿಲ್ಲ. ಈ ನಾಮಪದವನ್ನು ಮಾತ್ರ ಇಲಿಯಡ್ ದೇವತೆಗಳ ಕೋಪಕ್ಕೆ ಮೀಸಲಿಟ್ಟಿದೆ. ಮನುಷ್ಯರಲ್ಲಿ ಅದು ಸಲ್ಲುವುದು ಅಕಿಲೀಸನೊಬ್ಬನಿಗೆ. ಇಡೀ ಕಾವ್ಯದ ಮೊಟ್ಟಮೊದಲ ಶಬ್ದವೇ ಅದು. ಮನುಷ್ಯನ ಮೈಯಲ್ಲಿ ದೇವರ ಕೋಪ ಹೊಕ್ಕರೆ ಸುತ್ತಲಿನವರ ಪಾಡೇನು ಎಂಬುದೇ ಮುಂದಿನ ಕಥೆ.

ಸಂಧಾನಕ್ಕೆ ಬಂದವರು ದೊರೆಯ ಕಾಣಿಕೆಗಳನ್ನು ಎಣಿಸುತ್ತಾರೆ. ಬೆಂಕಿ ಕಾಣದ ಏಳು ಮುಕ್ಕಾಲು ಪಾತ್ರೆಗಳು, ಹತ್ತು ತಲೆಂತ್ ತೂಕದ ಚಿನ್ನ, ಇಪ್ಪತ್ತು ಕೊಪ್ಪರಿಗೆಗಳು, ಪಂದ್ಯ ಗೆದ್ದ ಹನ್ನೆರಡು ಕುದುರೆಗಳು, ಏಳು ಊರುಗಳು, ಬ್ರಿಸೇಯಿಸಳೂ ಸೇರಿ ಹೆಂಗಸರು, ಇಷ್ಟೂ ಸಾಲದೆಂದು ಅಳಿಯತನ ಬೇರೆ. ಅಕಿಲೀಸನು ಒಪ್ಪುವುದಿಲ್ಲ. ಹೇಡಿಗೂ ಶೂರನಿಗೂ ಒಂದೇ ಮರ್ಯಾದೆ ಸಲ್ಲುವ ಕಡೆ ತಿಮೇ ಎಂಬುದಕ್ಕೆ ಏನು ಅರ್ಥವೆಂದು ಕೇಳುತ್ತಾನೆ. ದನಕರುಗಳನ್ನು ಕೊಳ್ಳೆ ಹೊಡೆದು ತರಬಹುದು, ಪಾತ್ರೆಗಳನ್ನು ಗಳಿಸಬಹುದು. ಒಮ್ಮೆ ಬಾಯಿಂದ ಹೊರಟ ಪ್ರಾಣವನ್ನು ಯಾವ ಸಂತೆಯಿಂದ ತರುವುದು? ಬೆಲೆ ಎಂಬ ಅರ್ಥದ ಪದವನ್ನು ಹಿಡಿದುಕೊಂಡೇ, ಬೆಲೆಗಟ್ಟಲಾಗದ ವಸ್ತುವೊಂದಿದೆ ಎಂಬಲ್ಲಿಗೆ ಬಂದು ಮುಟ್ಟುತ್ತಾನೆ. ಇಲಿಯಡ್‌ನಲ್ಲಿ ಯುದ್ಧದ ನಿಯಮಗಳನ್ನೇ ಪ್ರಶ್ನಿಸುವ ಮಾತು ಇದು. ಅದನ್ನು ಆಡಿದವನು ಯಾರೋ ಅಂಜುಬುರುಕನಲ್ಲ, ಎಲ್ಲರಿಗಿಂತ ಹೆಚ್ಚು ಜನರನ್ನು ಕೊಂದವನು.

ಆಗ ಅವನು ತನ್ನ ಗುಟ್ಟನ್ನು ಹೊರಗೆಡಹುತ್ತಾನೆ. ತಾಯಿ ಥೆಟಿಸ್ ಸಮುದ್ರದೇವತೆ. ಮಗನ ಮುಂದೆ ಎರಡು ದಾರಿಗಳಿವೆಯೆಂದು ಅವಳು ಹೇಳಿದ್ದಾಳೆ. ಇಲ್ಲಿಯೇ ನಿಂತು ಹೋರಿದರೆ 'ನೋಸ್ತೋಸ್' ಇಲ್ಲ, ಎಂದರೆ ಮನೆಗೆ ಮರಳುವಿಕೆಯಿಲ್ಲ. ಆದರೆ 'ಕ್ಲೆಯೊಸ್ ಆಫ್ಥಿತೊನ್', ಅಳಿಯದ ಕ್ಲೆಯೊಸ್ ದೊರೆಯುತ್ತದೆ. ಮನೆಗೆ ಮರಳಿದರೆ ಆಯುಸ್ಸು ದೀರ್ಘ, ಕ್ಲೆಯೊಸ್ ಇಲ್ಲ. (ಇದೇ ನೋಸ್ತೋಸ್‌ಗೆ ನೋವು ಎಂಬ ಅರ್ಥದ ಇನ್ನೊಂದು ಗ್ರೀಕ್ ಪದವನ್ನು ಬೆಸೆದು, ಊರ ಹಂಬಲದ ಬೇನೆಗೆ 'ನೊಸ್ಟಾಲ್ಜಿಯ' ಎಂಬ ಹೆಸರನ್ನು 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯನು ಟಂಕಿಸಿದನು.)

'ಆಫ್ಥಿತೊನ್' ಪದದ ಧಾತುವೂ ನಮ್ಮ 'ಕ್ಷಿ' ಧಾತುವೂ ಒಂದೇ. ನಶಿಸು ಎಂದು ಅರ್ಥ. ಅಕ್ಷಯಪಾತ್ರೆ, ಅಕ್ಷಯ ತದಿಗೆ ಎನ್ನುವಾಗ ನಮ್ಮ ನಾಲಗೆಯ ಮೇಲೆ ಬರುವುದು ಅದೇ. 1853ರಲ್ಲಿ ಜರ್ಮನಿಯ ಅಡಾಲ್ಬರ್ಟ್ ಕೂನ್ ಎಂಬ ಭಾಷಾಶಾಸ್ತ್ರಜ್ಞನು ಈ ಜೋಡಿಪದವನ್ನು ಋಗ್ವೇದದ ಜೊತೆಯಲ್ಲಿಟ್ಟು ನೋಡಿದನು. ಅಲ್ಲಿ ಮೊದಲನೆಯ ಮಂಡಲದ ಒಂಬತ್ತನೆಯ ಸೂಕ್ತದಲ್ಲಿ ಋಷಿಯು ಇಂದ್ರನಲ್ಲಿ 'ಶ್ರವಸ್', ಅದೂ 'ಅಕ್ಷಿತ'ವಾದದ್ದನ್ನು, ಬೇಡುತ್ತಾನೆ. ಅಕ್ಷರಕ್ಕೆ ಅಕ್ಷರ ಹೊಂದುವ ಎರಡು ಪದಗಳು, ಸಾವಿರಾರು ಮೈಲಿಗಳ ಅಂತರದಲ್ಲಿ! ಗ್ರೀಕರ ಮತ್ತು ವೇದದ ಋಷಿಗಳ ಪೂರ್ವಿಕರು ಒಂದೇ ಮಾತಾಡುತ್ತಿದ್ದ ಕಾಲದ ಕಾವ್ಯದ ತುಣುಕು ಇಲ್ಲಿ ಉಳಿದಿದೆಯೆಂದು ಅಂದಿನಿಂದ ಹಲವರು ನಂಬಿದ್ದಾರೆ. ಇಲಿಯಡ್‌ನಲ್ಲಿ ಈ ಜೋಡಿ ಬರುವುದು ಒಂದೇ ಸಲವಾದ್ದರಿಂದ ಅದು ಆಕಸ್ಮಿಕವಿರಬಹುದೆಂದು ಸಂಶಯಪಡುವವರೂ ಇಲ್ಲದಿಲ್ಲ.

ಪದಗಳ ಹೊಂದಾಣಿಕೆಯನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಹೊಂದದೆ ಇರುವ ಅಂಶ. ವೇದದ ಆ ಋಕ್ಕಿನಲ್ಲಿಯೇ 'ವಿಶ್ವಾಯು' ಎಂಬ ಪದವೂ ಇದೆ. ಋಷಿಗೆ ಗೋವುಗಳೂ ಬೇಕು, ಬಲವೂ ಬೇಕು, ತುಂಬು ಆಯುಸ್ಸಿನ ಜೊತೆಗೆ ಅಕ್ಷಯವಾದ ಶ್ರವಸ್ಸೂ ಬೇಕು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬೇಡುತ್ತಾನೆ. ಅಕಿಲೀಸನಿಗೆ ಆ ಭಾಗ್ಯವಿಲ್ಲ. ಆಯುಸ್ಸು ಮತ್ತು ಕೀರ್ತಿಗಳ ನಡುವೆ ಹೋಮರನು 'ಅಥವಾ' ಎಂಬ ಮಾತನ್ನು ತಂದಿರಿಸಿದ್ದಾನೆ. ಇಲಿಯಡ್ ನಿಂತಿರುವುದು ಆ ಸಣ್ಣ ಅವ್ಯಯದ ಮೇಲೆ.

ಅಕಿಲೀಸನು ಅಂದು ರಾತ್ರಿ ಆರಿಸುವುದಿಲ್ಲ. ಅವನಿಗಾಗಿ ಆಯ್ಕೆಯಾಗುವುದು ಪೆಟ್ರೋಕ್ಲಸನ ಸಾವಿನಿಂದ. ಎದುರಿಗೆ ಕುಳಿತು ಹಾಡು ಕೇಳುತ್ತಿದ್ದ ಗೆಳೆಯ ಅವನ ಕವಚವನ್ನೇ ತೊಟ್ಟು ಹೋಗಿ ಹೆಕ್ಟರನ ಕೈಯಲ್ಲಿ ಮಡಿಯುತ್ತಾನೆ. ಪೆಟ್ರೋಕ್ಲಸ್ ಎಂಬ ಹೆಸರನ್ನು ಒಡೆದರೆ 'ತಂದೆ' ಮತ್ತು 'ಕ್ಲೆಯೊಸ್' ಎಂಬ ಎರಡು ಪದಗಳು ದೊರೆಯುತ್ತವೆ. ಸುದ್ದಿ ಕೇಳಿದ ಅಕಿಲೀಸನು ಬೂದಿಯನ್ನು ತಲೆಯ ಮೇಲೆ ಸುರಿದುಕೊಂಡು ನೆಲದ ಮೇಲೆ ಹೊರಳುತ್ತಾನೆ. ಅವನ ಹೆಸರಿನ ಮೊದಲ ಭಾಗದಲ್ಲಿ ದುಃಖವೆಂಬ ಅರ್ಥದ 'ಆಖೊಸ್' ಪದ ಅಡಗಿದೆಯೆಂಬುದು ಹಾರ್ವರ್ಡಿನ ಗ್ರೆಗರಿ ನಾಜ್ 1979ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎತ್ತಿಹಿಡಿದ ವಾದ. ಹೆಸರುಗಳ ವ್ಯುತ್ಪತ್ತಿಯಲ್ಲಿ ಅತಿ ನಂಬಿಕೆ ಒಳ್ಳೆಯದಲ್ಲ. 1952ರಲ್ಲಿ ಮೈಕೆಲ್ ವೆಂಟ್ರಿಸ್ ಓದಿ ತೋರಿಸಿದ ಕಂಚಿನ ಯುಗದ ಮಣ್ಣಿನ ಹಲಗೆಗಳಲ್ಲಿ ಅಕಿಲೀಸ್, ಹೆಕ್ಟರ್ ಎಂಬ ಹೆಸರಿನ ಸಾಮಾನ್ಯರು ಲೆಕ್ಕದ ಪಟ್ಟಿಗಳಲ್ಲಿ ಕಾಣಿಸಿಕೊಂಡಿದ್ದಾರೆ.

'ಹೀರೊ' ಎಂಬ ಪದದ ಕಥೆಯೂ ಹೀಗೆಯೇ ಅನಿರೀಕ್ಷಿತವಾದುದು. ನಮ್ಮ 'ವೀರ' ಶಬ್ದಕ್ಕೆ ಲ್ಯಾಟಿನ್ನಿನ 'ವಿರ್' ನಂಟನೇ ಹೊರತು ಗ್ರೀಕಿನ 'ಹೇರೋಸ್' ಅಲ್ಲ. ಹೋಮರನಲ್ಲಿ ಅದು ಮಹಾಶೂರರಿಗೆ ಮಾತ್ರ ಸಲ್ಲುವ ಬಿರುದೂ ಅಲ್ಲ. ಒಡಿಸ್ಸಿಯಲ್ಲಿ ಒಬ್ಬ ಕುರುಡು ಹಾಡುಗಾರನಿಗೂ, ಮದ್ಯ ಬೆರೆಸುವ ಸೇವಕನೊಬ್ಬನಿಗೂ ಆ ಗೌರವ ದೊರೆತಿದೆ. ಮುಂದಿನ ಕಾಲದ ಗ್ರೀಕರಿಗಾದರೋ ಹೇರೋಸ್ ಎಂದರೆ ಸತ್ತು ಸಮಾಧಿಯಾಗಿ, ಊರವರ ಪೂಜೆ ಬಲಿಗಳನ್ನು ಪಡೆಯುವವನು.

ಸಮಾಧಿಯ ಮಾತಿಗೆ ಹೆಕ್ಟರನ ನೆನಪಾಗುತ್ತದೆ. ಏಳನೆಯ ಪರ್ವದಲ್ಲಿ ಅವನು ದ್ವಂದ್ವಯುದ್ಧಕ್ಕೆ ಕರೆಯುತ್ತ, ತನ್ನ ಕೈಯಲ್ಲಿ ಮಡಿದವನಿಗೆ ಗ್ರೀಕರು ಕಡಲ ತಡಿಯಲ್ಲಿ ಗೋರಿ ಕಟ್ಟಲಿ ಎನ್ನುತ್ತಾನೆ. ಮುಂದೆಂದೋ ಹಡಗಿನಲ್ಲಿ ಹೋಗುವವರು ಅದನ್ನು ಕಂಡು, ಹೆಕ್ಟರನು ಕೊಂದ ಶೂರನ ಗೋರಿಯೆಂದು ಮಾತಾಡಿಕೊಂಡರೆ ತನ್ನ ಕ್ಲೆಯೊಸ್ ಅಳಿಯದಂತೆ. ನಮ್ಮ ವೀರಗಲ್ಲು ಕಾದಿ ಬಿದ್ದವನನ್ನು ನೆನೆಯುತ್ತದೆ. ಹೆಕ್ಟರನ ಕನಸಿನ ಗೋರಿಯಲ್ಲಿ ಮಲಗುವವನೊಬ್ಬ, ಹೆಸರು ಪಡೆಯುವವನು ಇನ್ನೊಬ್ಬ.

ಆದರೂ ಹೆಕ್ಟರನನ್ನು ಯುದ್ಧಕ್ಕೆ ಎಳೆಯುವ ಮಾತು ಕ್ಲೆಯೊಸ್ ಒಂದೇ ಅಲ್ಲ, 'ಐದೋಸ್' ಕೂಡ. ನಾಚಿಕೆ, ಸಂಕೋಚ, ದಾಕ್ಷಿಣ್ಯ, ಮರ್ಯಾದೆ ಎಲ್ಲವೂ ಅದರಲ್ಲಿವೆ. 'ನಾಲ್ಕು ಜನ ಏನೆಂದಾರು' ಎಂಬ ನಮ್ಮ ಮನೆಮಾತು ಅದಕ್ಕೆ ಸರಿಯಾದ ಕನ್ನಡ. ಕೋಟೆಯ ಬಾಗಿಲಲ್ಲಿ ಹೆಂಡತಿ ಆಂಡ್ರೊಮಕೆ ಹಸುಗೂಸಿನೊಡನೆ ಬಂದು, ಹೋಗಬೇಡವೆಂದು ಅಳುತ್ತಾಳೆ. ಅವಳ ತಂದೆಯನ್ನೂ ಏಳು ಮಂದಿ ಅಣ್ಣತಮ್ಮಂದಿರನ್ನೂ ಅಕಿಲೀಸನೇ ಕೊಂದಿದ್ದಾನೆ. (ಆರಂಭದಲ್ಲಿ ಅವನು ಮೀಟುತ್ತಿದ್ದ ತಂತಿವಾದ್ಯ ಅವಳ ತೌರೂರಿನದೇ.) ಹೆಕ್ಟರನಿಗೆ ಎಲ್ಲವೂ ಗೊತ್ತು, ಟ್ರಾಯ್ ಉಳಿಯುವುದಿಲ್ಲವೆಂಬುದೂ, ಇವಳು ಪರರ ಮನೆಯಲ್ಲಿ ನೀರು ಹೊರುವ ದಾಸಿಯಾಗುವಳೆಂಬುದೂ ಗೊತ್ತು. ಆದರೂ ಹಿಂದೆ ಸರಿದರೆ ಊರ ಗಂಡಸರ ಮುಂದೆ, ಹೆಂಗಸರ ಮುಂದೆ ತಲೆಯೆತ್ತುವುದು ಹೇಗೆ? ಶಿರಸ್ತ್ರಾಣದ ಮೇಲಿನ ಕುದುರೆಗೂದಲ ತುರಾಯಿ ಅಲುಗುವುದನ್ನು ಕಂಡು ಮಗು ಕಿರಿಚುತ್ತದೆ. ತಂದೆತಾಯಿ ಇಬ್ಬರೂ ನಗುತ್ತಾರೆ. ಹೆಕ್ಟರನು ಅದನ್ನು ಕಳಚಿ ನೆಲದ ಮೇಲಿಟ್ಟು ಮಗುವನ್ನು ಮುದ್ದಿಸುತ್ತಾನೆ; ಮತ್ತೆ ಎತ್ತಿ ತೊಟ್ಟುಕೊಳ್ಳುತ್ತಾನೆ. ಇಪ್ಪತ್ತೆರಡನೆಯ ಪರ್ವದಲ್ಲಿ ಕೋಟೆಯ ಹೊರಗೆ ಅಕಿಲೀಸನಿಗಾಗಿ ಒಬ್ಬಂಟಿಯಾಗಿ ನಿಂತಾಗಲೂ ಅವನ ಕಾಲನ್ನು ಕಟ್ಟಿಹಾಕುವುದು ಐದೋಸ್‌ನ ಭಾವವೇ.

ಕೊನೆಯ ಪರ್ವದಲ್ಲಿ ಅದೇ ಐದೋಸ್‌ನ ಕ್ರಿಯಾರೂಪ ಬೇರೊಬ್ಬರ ಬಾಯಲ್ಲಿ ಬರುತ್ತದೆ. ಹೆಕ್ಟರನ ಮುದಿತಂದೆ ಪ್ರಿಯಮ್ ರಾತ್ರಿಯಲ್ಲಿ ಶತ್ರುವಿನ ಬಿಡಾರಕ್ಕೆ ಬಂದು, ತನ್ನ ಮಕ್ಕಳನ್ನು ಕೊಂದ ಕೈಗಳಿಗೆ ಮುತ್ತಿಟ್ಟು, ದೇವರುಗಳಿಗೆ ಅಂಜು, ನಿನ್ನ ತಂದೆಯನ್ನು ನೆನೆದು ಕನಿಕರಿಸು ಎಂದು ಬೇಡುತ್ತಾನೆ. ಇಬ್ಬರೂ ಕೂಡಿ ಅಳುತ್ತಾರೆ. ಒಬ್ಬನು ಮಗನಿಗಾಗಿ, ಇನ್ನೊಬ್ಬನು ತಂದೆಗಾಗಿಯೂ ಗೆಳೆಯನಿಗಾಗಿಯೂ. ಹೆಕ್ಟರನ ದಹನದೊಂದಿಗೆ ಇಲಿಯಡ್ ಮುಗಿಯುತ್ತದೆ. ಮರದ ಕುದುರೆಯಿಲ್ಲ, ಟ್ರಾಯ್ ಸುಡುವುದಿಲ್ಲ.

ಇಲಿಯಡ್‌ನ ಮೊದಲ ಪದ 'ಕೋಪ'ವಾದರೆ ಒಡಿಸ್ಸಿಯದು 'ಮನುಷ್ಯ'. ಆ ಮನುಷ್ಯನಿಗೆ ಕವಿ ಕೊಡುವ ಮೊದಲ ವಿಶೇಷಣ 'ಪೊಲುತ್ರೊಪೊಸ್', ಹಲವು ತಿರುವುಗಳವನು. ಊರೂರು ತಿರುಗಿದವನೆಂದೂ ಆಗಬಹುದು, ಮಾತನ್ನು ತಿರುಗಿಸಬಲ್ಲ ಚತುರನೆಂದೂ ಆಗಬಹುದು. 2017ರಲ್ಲಿ ಇಂಗ್ಲಿಷಿಗೆ ತಂದ ಎಮಿಲಿ ವಿಲ್ಸನ್ ಅದಕ್ಕೆ 'ಜಟಿಲ' ಎಂಬ ಅರ್ಥದ ಪದವನ್ನಿಟ್ಟು ದೊಡ್ಡ ಚರ್ಚೆಯನ್ನೇ ಎಬ್ಬಿಸಿದರು.

ಈ ಜಟಿಲ ಮನುಷ್ಯ ಒಡಿಸ್ಯೂಸ್ ಸರ್ವಸ್ವವನ್ನೂ ಕಳೆದುಕೊಂಡು, ಹೆಸರನ್ನೂ ಹೇಳದೆ, ಪರದೇಶದ ಅರಮನೆಯೊಂದರಲ್ಲಿ ಅತಿಥಿಯಾಗಿ ಕುಳಿತಿದ್ದಾನೆ. ಅಲ್ಲಿಯ ಕುರುಡು ಹಾಡುಗಾರ ದೆಮೊದೊಕೊಸ್ ಟ್ರಾಯ್ ಯುದ್ಧವನ್ನು ಹಾಡುತ್ತಾನೆ. ಸಭೆಗೆ ಅದು ಆನಂದ. ಅತಿಥಿಯೊಬ್ಬನು ಮಾತ್ರ ಮುಖ ಮುಚ್ಚಿಕೊಂಡು ಅಳುತ್ತಾನೆ. ಹೇಗೆ ಅತ್ತನೆಂದು ಹೇಳಲು ಹೋಮರನು ಒಂದು ಉಪಮೆ ಕೊಡುತ್ತಾನೆ: ಊರಿಗಾಗಿ ಕಾದಿ ಬಿದ್ದ ಗಂಡನ ಮೈಮೇಲೆ ಬಿದ್ದು ಗೋಳಿಡುವ ಹೆಂಗಸಿನಂತೆ, ಹಿಂದಿನಿಂದ ಶತ್ರುಗಳು ಈಟಿಯಿಂದ ತಿವಿಯುತ್ತ ಅವಳನ್ನು ದಾಸ್ಯಕ್ಕೆ ಎಳೆದೊಯ್ಯುತ್ತಿದ್ದಾರೆ. ಟ್ರಾಯ್ ಗೆದ್ದವನ ಕಣ್ಣೀರಿಗೆ ಸೋತ ಊರಿನ ವಿಧವೆಯ ಕಣ್ಣೀರು ಉಪಮಾನ! ಆಂಡ್ರೊಮಕೆಯ ನೆನಪು ಬಾರದೆ ಇದನ್ನು ಓದುವುದು ಸಾಧ್ಯವಿಲ್ಲ. ತನ್ನದೇ ಕ್ಲೆಯೊಸ್ ಕಿವಿಗೆ ಬಿದ್ದಾಗ ಅವನಿಗೆ ಅದು ಹಾಡಾಗಿ ಕೇಳಿಸಲಿಲ್ಲ.

ಬಳಿಕ ಅವನು ಹೆಸರು ಹೇಳಿ ತನ್ನ ಕಥೆಯನ್ನು ತೊಡಗುತ್ತಾನೆ. ಒಕ್ಕಣ್ಣ ರಾಕ್ಷಸನ ಗುಹೆಯಲ್ಲಿ ತನ್ನ ಹೆಸರು 'ಊತಿಸ್', ಎಂದರೆ 'ಯಾರೂ ಇಲ್ಲ', ಎಂದಿದ್ದನು. ಕಣ್ಣು ಕಳೆದುಕೊಂಡ ರಾಕ್ಷಸನು ಅರಚಿದಾಗ ನೆರೆಯವರು ಯಾರು ಕೊಲ್ಲುತ್ತಿದ್ದಾರೆಂದು ಕೇಳಿದರು. 'ಯಾರೂ ಇಲ್ಲ' ಎಂಬ ಉತ್ತರ ಕೇಳಿ ಹೊರಟುಹೋದರು. ಈ ಹಾಸ್ಯ ಕನ್ನಡಕ್ಕೆ ಅನಾಯಾಸವಾಗಿ ಬರುತ್ತದೆ. ಅದರ ಕೆಳಗಿನದು ಬರುವುದಿಲ್ಲ. ನೆರೆಯವರ ಮಾತಿನಲ್ಲಿ ವ್ಯಾಕರಣದ ಕಾರಣ 'ಊತಿಸ್' ಹೋಗಿ 'ಮೇ ತಿಸ್' ಆಗುತ್ತದೆ. ಕೂಡಿಸಿ ಹೇಳಿದರೆ 'ಮೇತಿಸ್', ಉಪಾಯ. ಹೆಸರನ್ನು ತ್ಯಜಿಸಿದವನಿಗೆ ಉಪಾಯ ಪ್ರಾಣ ಉಳಿಸಿಕೊಟ್ಟಿತು. ಆದರೆ ಹಡಗು ದಡ ಬಿಟ್ಟೊಡನೆ ಅವನಿಂದ ತಡೆಯಲಾಗಲಿಲ್ಲ. ಹೆಸರು, ತಂದೆಯ ಹೆಸರು, ಊರು ಮೂರನ್ನೂ ಕೂಗಿ ಹೇಳಿದನು. ರಾಕ್ಷಸನು ಅದೇ ವಿಳಾಸಕ್ಕೆ ತನ್ನ ತಂದೆ ಸಮುದ್ರರಾಜನ ಶಾಪವನ್ನು ಕಳುಹಿದನು. ಸಂಕಲ್ಪಕ್ಕೆ ಹೆಸರು ಗೋತ್ರ ಬೇಕಾಗುವಂತೆ ಶಾಪಕ್ಕೂ ಬೇಕಷ್ಟೆ! ನೋಸ್ತೋಸ್ ವರ್ಷಗಟ್ಟಲೆ ಮುಂದೆ ಹೋಯಿತು, ಜೊತೆಯವರೊಬ್ಬರೂ ಉಳಿಯಲಿಲ್ಲ.

ಆ ಅಲೆದಾಟದಲ್ಲಿಯೇ ಒಡಿಸ್ಯೂಸ್ ಸತ್ತವರ ಲೋಕದ ಬಾಗಿಲಿಗೂ ಹೋಗಿ ಬರುತ್ತಾನೆ. ಹಳೆಯ ಸಂಗಾತಿಗಳ ನೆರಳುಗಳು ಒಂದೊಂದಾಗಿ ಎದುರಾಗುತ್ತವೆ. ಏಜಾಕ್ಸ್ ಮಾತನಾಡುವುದಿಲ್ಲ. ಅಕಿಲೀಸನ ಆಯುಧಗಳು ತನಗೆ ಸಿಗದೆ ಒಡಿಸ್ಯೂಸನ ಪಾಲಾದುವೆಂಬ ಅವಮಾನ ಸತ್ತ ಮೇಲೂ ಆರಿಲ್ಲ. ಮುಖ ತಿರುಗಿಸಿ ಕತ್ತಲೆಗೆ ನಡೆದುಬಿಡುತ್ತಾನೆ. ಸಾಫೋಕ್ಲಿಸನು ನಾಟಕವಾಗಿಸಿದ ಆ ಏಜಾಕ್ಸನ ದುರಂತವೇ 1929ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಕೈಯಲ್ಲಿ 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ಬಂದದ್ದು.

ಅಕಿಲೀಸನು ಮಾತನಾಡುತ್ತಾನೆ. ಬದುಕಿದ್ದಾಗ ನಿನಗೆ ದೇವರ ಸಮಾನ ಮರ್ಯಾದೆಯಿತ್ತು, ಇಲ್ಲಿಯೂ ನೀನೇ ಒಡೆಯ, ದುಃಖವೇಕೆ ಎಂದು ಒಡಿಸ್ಯೂಸ್ ಸಮಾಧಾನ ಹೇಳಲು ಹೋದರೆ ಅವನು ಕಹಿಯಾಗಿ ತಡೆಯುತ್ತಾನೆ. ಸತ್ತವರಿಗೆಲ್ಲ ದೊರೆಯಾಗಿರುವುದಕ್ಕಿಂತ, ಸ್ವಂತ ಹೊಲವೂ ಇಲ್ಲದ ಬಡವನೊಬ್ಬನ ಮನೆಯಲ್ಲಿ ಕೂಲಿಯಾಳಾಗಿ ಮಣ್ಣಿನ ಮೇಲೆ ಬದುಕಿರುವುದೇ ತನಗೆ ಬೇಕೆನ್ನುತ್ತಾನೆ. ಕ್ಲೆಯೊಸ್ ಆಫ್ಥಿತೊನ್ ಪಡೆದವನ ಮಾತಿದು. ಒಡಿಸ್ಸಿಯ ಕವಿ ಇಲಿಯಡ್‌ನ ವೀರನನ್ನು ಹುಡುಕಿಕೊಂಡು ಹೋಗಿ, ಅವನ ಆಯ್ಕೆಯ ಲೆಕ್ಕ ಕೇಳಿದಂತಿದೆ.

ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಹೋಮರನು ನಿಲ್ಲಿಸುವುದಿಲ್ಲ. ಮರುಗಳಿಗೆಯಲ್ಲಿಯೇ ಅಕಿಲೀಸನು, ನನ್ನ ಮಗನ ಸುದ್ದಿ ಏನಾದರೂ ಉಂಟೇ, ಯುದ್ಧದಲ್ಲಿ ಮುಂದಾಳಾಗಿ ನಿಂತನೇ, ಮುದುಕ ತಂದೆಯ ವಿಚಾರ ಏನಾದರೂ ಕಿವಿಗೆ ಬಿತ್ತೇ ಎಂದು ಕೇಳತೊಡಗುತ್ತಾನೆ. ತಂದೆಯ ಸಂಗತಿ ಒಡಿಸ್ಯೂಸನಿಗೆ ತಿಳಿಯದು. ಮಗನ ವಿಷಯ ಹೇಳುತ್ತಾನೆ: ಸಭೆಯಲ್ಲಿ ಅವನ ಮಾತು, ರಣದಲ್ಲಿ ಅವನ ಕೈ, ಮರದ ಕುದುರೆಯ ಹೊಟ್ಟೆಯೊಳಗೆ ಉಳಿದವರೆಲ್ಲ ನಡುಗುತ್ತಿದ್ದಾಗ ಅವನೊಬ್ಬನು ನಡುಗದೆ ಕತ್ತಿಯ ಹಿಡಿಯನ್ನು ತಡವುತ್ತಿದ್ದುದು. ಕೇಳಿದ ಅಕಿಲೀಸನ ನೆರಳು ಮರುಮಾತಾಡದೆ, ಬಿಳಿಯ ಹೂಗಳ ಆ ಬಯಲಿನಲ್ಲಿ ಉದ್ದುದ್ದ ಹೆಜ್ಜೆಯಿಡುತ್ತ, ಸಂತೋಷದಿಂದ ನಡೆದುಹೋಗುತ್ತದೆ.